ಸೆಂಟರ್‌ಗೆ ವೈಫೈ ಹಾಕಿಸುವ ಮುನ್ನ

ಕೊಪ್ಪಳ

ಚಿ. ಶ್ರುತಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಕಾರಟಗಿಯಲ್ಲಿ ಆನ್‌ಲೈನ್ ಸೆಂಟರ್ ತೆರೆಯುತ್ತೀಯಂತೆ, ಬಹಳ ಸಂತೋಷವಾಯಿತು. ಪಹಣಿ, ಆಧಾರ್, ಪಾಸ್‌ಬುಕ್ಕು ಅಂತ ಊರವರ ಕಾಗದಪತ್ರವೆಲ್ಲ ಇನ್ನು ನಿನ್ನ ಕಂಪ್ಯೂಟರಿಗೆ ಬರುತ್ತವೆ. ಇಂಟರ್‌ನೆಟ್ ಕನೆಕ್ಷನ್ ಕೊಡುವ ಹುಡುಗರು ಲೈನ್ ಎಳೆದು, ಸ್ಪೀಡ್ ತೋರಿಸಿ ಹೋಗಿಬಿಡುತ್ತಾರೆ. ಆಮೇಲಿನದು ನಿನ್ನ ಜವಾಬ್ದಾರಿ.

ಮೊದಲು ಬ್ಯಾಂಡ್, ಅಂದರೆ ವೈಫೈ ಓಡುವ ತರಂಗಪಟ್ಟಿಯ ವಿಷಯ. ವೈಫೈ ಕೊಡುವ ಪೆಟ್ಟಿಗೆಯಾದ ರೌಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಇರುತ್ತವೆ. 5ರಲ್ಲಿ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ನಿಮ್ಮದು ಕಲ್ಲು-ಮಣ್ಣಿನ ದಪ್ಪ ಗೋಡೆಯ ಮನೆ. ಮುಂದಿನ ಅಂಗಡಿಯಲ್ಲಿಟ್ಟ ರೌಟರಿನ 5 ಒಳಗಿನ ಕೋಣೆಗೆ ಮುಟ್ಟುವುದು ಕಷ್ಟ, ಅಲ್ಲಿ 2.4 ಬಳಸು. ಅಂಗಡಿಯ ಕಂಪ್ಯೂಟರಿಗೆ ಮಾತ್ರ ವೈಫೈ ಬೇಡ, ಲ್ಯಾನ್ ವೈರ್ ಎಳೆಸು. ರೌಟರನ್ನು ಎದೆಯೆತ್ತರಕ್ಕಿಂತ ಮೇಲೆ, ಬಯಲಾಗಿ ಇಡು. ಕಬ್ಬಿಣದ ಅಲಮಾರಿ, ಶಟರ್ ಹತ್ತಿರ ಬೇಡ.

ಸಿಗ್ನಲ್ ನೋಡಲು ಫೋನಿನಲ್ಲಿ ವೈಫೈ ಅನಲೈಜರ್ ಆ್ಯಪ್ ಹಾಕಿಕೊ. ಸಿಗ್ನಲ್ ಬಲವನ್ನು ಡಿಬಿಎಂನಲ್ಲಿ ಅಳೆಯುತ್ತಾರೆ: ಮೈನಸ್ 50 ಎಂದರೆ ಚೆನ್ನಾಗಿದೆ, ಮೈನಸ್ 67ರವರೆಗೆ ವಿಡಿಯೋ ಕಾಲ್‌ಗೆ ತೊಂದರೆಯಿಲ್ಲ, ಮೈನಸ್ 80 ಆದರೆ ತುಂಡಾಗುತ್ತದೆ. ಪ್ರತಿ 3 ಕಡಿಮೆಯಾದಾಗ ಬರುವ ಶಕ್ತಿ ಅರ್ಧವಾಗುತ್ತದೆ. ಅದೇ ಆ್ಯಪ್‌ನಲ್ಲಿ ಅಕ್ಕಪಕ್ಕದವರು ಬ್ಯಾಂಡಿನೊಳಗಿನ ಯಾವ ಓಣಿಯಲ್ಲಿ, ಅಂದರೆ ಚಾನೆಲ್‌ನಲ್ಲಿದ್ದಾರೆಂದೂ ಕಾಣುತ್ತದೆ. 2.4ರಲ್ಲಿ 1, 6, 11 ಇವುಗಳಲ್ಲೇ ಒಂದನ್ನು ಆರಿಸು. ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಷ್ಟೇ ಅಂತರ, ಸಿಗ್ನಲ್ ಹರಡುವುದು 20ರಷ್ಟು. ಹಾಗಾಗಿ 3 ಇಟ್ಟರೆ 1 ಮತ್ತು 6 ಎರಡಕ್ಕೂ ಅಡ್ಡ ಬರುತ್ತೀಯ. ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೇ ಇರಲಿ, 40 ಬೇಡ. 5ರಲ್ಲಿ 36 ಅಥವಾ 149 ಇಟ್ಟರೆ ಸಾಕು. ನಡುವಿನ ಕೆಲವು ಚಾನೆಲ್‌ಗಳಲ್ಲಿ ರಾಡಾರ್ ಸಿಗ್ನಲ್ ಕೇಳಿಸಿದರೆ ರೌಟರ್ ಜಾಗ ಬಿಟ್ಟುಕೊಡಬೇಕು, ಆಗ ಕನೆಕ್ಷನ್ ಒಮ್ಮೆಲೇ ಹೋಗುತ್ತದೆ.

ಇನ್ನು ಪಾಸ್‌ವರ್ಡ್. ಇದನ್ನು ಗಮನವಿಟ್ಟು ಓದವ್ವಾ. ಬಹಳ ಅಂಗಡಿಗಳಲ್ಲಿ ಮಾಲೀಕರ ಮೊಬೈಲ್ ನಂಬರೇ ವೈಫೈ ಪಾಸ್‌ವರ್ಡ್, ಆ ನಂಬರು ಬೋರ್ಡಿನ ಮೇಲೇ ಬರೆದಿರುತ್ತದೆ. ಬೋರ್ಡಿನಲ್ಲಿ ಇಲ್ಲದ ನಂಬರಾದರೂ ಉಳಿಯುವುದಿಲ್ಲ. ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತಾ ವಿಧಾನದಲ್ಲಿ ಫೋನು ರೌಟರಿಗೆ ಸೇರುವಾಗ ನಡೆಯುವ ಗುರುತು ಪರೀಕ್ಷೆಯ ಮಾತುಕತೆಯನ್ನು (ಹ್ಯಾಂಡ್‌ಶೇಕ್) ರಸ್ತೆಯಲ್ಲಿ ನಿಂತವನೂ ಹಿಡಿದಿಟ್ಟುಕೊಳ್ಳಬಹುದು. ಮನೆಗೆ ಹೋಗಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಹತ್ತು ಅಂಕಿಯ ನಂಬರುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಲು ಕೆಲವೇ ಗಂಟೆ ಸಾಕು. ನಿನ್ನ ರೌಟರಿಗೆ ಸುಳಿವೂ ಸಿಗುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸು. 63 ಅಕ್ಷರದವರೆಗೆ ಅವಕಾಶವಿದೆ. ಸೆಕ್ಯುರಿಟಿಯಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದನ್ನೇ ಆರಿಸು, ಅದರಲ್ಲಿ ಈ ದಾರಿ ಮುಚ್ಚಿದೆ. ಹಳೇ ಪ್ರಿಂಟರ್ ಅದಕ್ಕೆ ಸೇರದಿದ್ದರೆ ಪಟ್ಟಿಯಲ್ಲಿ ಡಬ್ಲ್ಯೂಪಿಎ2 ಎಇಎಸ್ ಎಂದಿರುವುದನ್ನು ಆರಿಸು. ಡಬ್ಲ್ಯೂಇಪಿ ಎಂಬ ಹಳೇ ವಿಧಾನ ಕೆಲವೇ ನಿಮಿಷದಲ್ಲಿ ಒಡೆಯುತ್ತದೆ, ಅದರ ತಂಟೆಗೇ ಹೋಗಬೇಡ.

ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಡಬ್ಲ್ಯೂಪಿಎಸ್ ಆಫ್ ಮಾಡು. ಅದರ ಎಂಟಂಕಿ ಪಿನ್ ಅನ್ನು ರೌಟರ್ ಎರಡು ತುಂಡು ಮಾಡಿ ಬೇರೆ ಬೇರೆಯಾಗಿ ನೋಡುತ್ತದೆ, ಕೊನೆಯ ಅಂಕಿ ಉಳಿದವು ಸರಿಯೇ ಎಂದು ತಾಳೆ ನೋಡಲಷ್ಟೇ. ಹೀಗಾಗಿ ಹೆಚ್ಚೆಂದರೆ 11,000 ಪ್ರಯತ್ನಕ್ಕೆ ಸಿಕ್ಕಿಬೀಳುತ್ತದೆಂದು 2011ರಲ್ಲೇ ಬಯಲಾಗಿದೆ. ವೈಫೈ ಹೆಸರು ಬಚ್ಚಿಡುವುದರಿಂದ ಏನೂ ಲಾಭವಿಲ್ಲ.

ರೌಟರಿನ ಸೆಟ್ಟಿಂಗ್ ತೆರೆಯುವ ಅಡ್ಮಿನ್ ಪಾಸ್‌ವರ್ಡೇ ಬೇರೆ. ರೌಟರ್ ಕೆಳಗಿನ ಸ್ಟಿಕ್ಕರಿನಲ್ಲಿ 192.168.1.1 ಅಥವಾ ಅಂಥದೇ ವಿಳಾಸ ಇರುತ್ತದೆ. ಬ್ರೌಸರಿನಲ್ಲಿ ಅದನ್ನು ತೆರೆದು ಮೊದಲ ದಿನವೇ ಅಡ್ಮಿನ್ ಪಾಸ್‌ವರ್ಡ್ ಬದಲಿಸು. ಹೊರಗಿನಿಂದ ರೌಟರ್ ಸೆಟ್ಟಿಂಗ್ ಬದಲಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡು. ಬಂದ ಗಿರಾಕಿಗಳು ವೈಫೈ ಕೇಳಿಯೇ ಕೇಳುತ್ತಾರೆ, ಅವರಿಗೆ ಗೆಸ್ಟ್ ನೆಟ್‌ವರ್ಕ್ ಎಂಬ ಬೇರೆ ವೈಫೈ ಮಾಡಿ ಕೊಡು. ಕಂಪ್ಯೂಟರ್, ಪ್ರಿಂಟರ್ ಇರುವ ನೆಟ್‌ವರ್ಕಿನ ಪಾಸ್‌ವರ್ಡ್ ಸಂಬಂಧಿಕರಿಗೂ ಬೇಡ. ಗೆಸ್ಟ್‌ನಲ್ಲಿ ಐಸೊಲೇಷನ್, ಅಂದರೆ ಅವರನ್ನು ನಿನ್ನ ಯಂತ್ರಗಳಿಂದ ಬೇರ್ಪಡಿಸುವುದು, ಆನ್ ಇದೆಯೇ ನೋಡು. ಗೆಸ್ಟ್‌ಗೆ ಸೇರಿದ ಫೋನಿಂದ ನಿನ್ನ ಪ್ರಿಂಟರ್ ಕಂಡರೆ, ಅದು ಸರಿಯಾಗಿ ಆಗಿಲ್ಲ ಎಂದರ್ಥ.

ಅಡ್ಮಿನ್ ಪಾಸ್‌ವರ್ಡ್ ಮರೆತರೆ ಹಿಂದಿನ ಸಣ್ಣ ತೂತಿನ ರೀಸೆಟ್ ಬಟನ್ ಹತ್ತು ಸೆಕೆಂಡ್ ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ, ಇಂಟರ್‌ನೆಟ್ ಕಂಪನಿ ಕೊಟ್ಟ ಲಾಗಿನ್ ಹೆಸರೂ ಸೇರಿ. ಆ ಹೆಸರು, ಪಾಸ್‌ವರ್ಡ್ ಎರಡನ್ನೂ ಲೈನ್ ಹಾಕಲು ಬಂದವರಿಂದಲೇ ಬರೆಸಿಕೊಂಡು, ಚೀಟಿ ಅಂಗಡಿಯಲ್ಲಲ್ಲ, ಮನೆಯ ಟ್ರೆಜರಿಯಲ್ಲಿಡು.

ಇಂತಿ,
ನಿನ್ನ ಕಾಕಾ