ದುಡಿಯುವ ಹೆಣ, ಕಚ್ಚುವ ಹೆಣ

ಈ ಸಂಚಿಕೆಯ ಮಕ್ಕಳ ಪುಟಕ್ಕೆ ಬಂದ ಚಿತ್ರಗಳಲ್ಲಿ ಜಾಂಬಿಗಳದೇ, ಅಂದರೆ ಎದ್ದು ಬಂದ ಹೆಣಗಳದೇ ದರ್ಬಾರು. ಹಸಿರು ಮೈ, ಮುಂದೆ ಚಾಚಿದ ಕೈ, ಕಟವಾಯಿಯಿಂದ ಸೋರುವ ರಕ್ತ. ಜಾಗ ಸಿಕ್ಕಷ್ಟನ್ನು ಅಚ್ಚು ಹಾಕಿದ್ದೇವೆ. ಆದರೆ ಮೂಲದ ಜಾಂಬಿಯನ್ನು ಬರೆಯಬೇಕೆಂದರೆ ಚಾಚಿದ ಆ ಕೈಗೆ ಕಬ್ಬು ಕಡಿಯುವ ಮಚ್ಚು ಕೊಡಬೇಕಾಗುತ್ತದೆ. ಪಾಪ, ಅದು ಯಾರನ್ನೂ ಕಚ್ಚಿದ್ದಲ್ಲ. ಇನ್ನೊಬ್ಬರ ಹೊಲದಲ್ಲಿ ಬಾಯಿ ಮುಚ್ಚಿಕೊಂಡು ದುಡಿಯುವುದಷ್ಟೇ ಅದರ ಹಣೆಬರಹ.

ಸತ್ತವರು ಎದ್ದು ಬರುವ ಕಥೆ ಬಹಳ ಹಳೆಯದು. ಪ್ರಾಚೀನ ಮೆಸೊಪೊಟೇಮಿಯದ ಗಿಲ್ಗಮೆಶ್ ಮಹಾಕಾವ್ಯದಲ್ಲಿ ಸಿಟ್ಟಿಗೆದ್ದ ಇಷ್ಟಾರ್ ದೇವತೆ, ಪಾತಾಳದ ಬಾಗಿಲು ಮುರಿದು ಸತ್ತವರನ್ನು ಎಬ್ಬಿಸುತ್ತೇನೆ, ಅವರು ಬದುಕಿರುವವರನ್ನು ತಿಂದುಹಾಕಲಿ ಎಂದು ಬೆದರಿಸುತ್ತಾಳೆ. ನಮ್ಮ ಬೇತಾಳನೂ ಹೆಣದೊಳಗೆ ಹೊಕ್ಕವನೇ. ಆದರೆ ಅವನದು ಎಂಥ ಠೀವಿ! ರಾಜನ ಹೆಗಲೇರಿ ಕಥೆ ಹೇಳುತ್ತಾನೆ, ಪ್ರಶ್ನೆ ಹಾಕುತ್ತಾನೆ, ಗೊತ್ತಿದ್ದೂ ಉತ್ತರಿಸದಿದ್ದರೆ ತಲೆ ಸಿಡಿದು ಹೋಳಾದೀತೆಂದು ಹೆದರಿಸುತ್ತಾನೆ. ಜಾಂಬಿ ಹುಟ್ಟಿದ್ದು ಕೆರಿಬಿಯನ್ ಕಡಲಿನ ಹೈಟಿ ದೇಶದಲ್ಲಿ. ಆ ಜಾಂಬಿಗೆ ಮಾತೂ ಇಲ್ಲ, ಪ್ರಶ್ನೆಯೂ ಇಲ್ಲ, ತನ್ನದೇ ಹೆಸರಿನ ನೆನಪೂ ಇಲ್ಲ.

ಯಾಕೆಂದು ತಿಳಿಯಲು ಆ ನೆಲದ ಚರಿತ್ರೆ ನೋಡಬೇಕು. ಇಂದಿನ ಹೈಟಿ ಆಗ ಫ್ರೆಂಚರ ವಸಾಹತು. 1789ರ ಹೊತ್ತಿಗೆ ಆಫ್ರಿಕಾದಿಂದ ಹಿಡಿದು ತಂದವರು ಮತ್ತು ಅವರ ಮಕ್ಕಳು ಸೇರಿ ಸುಮಾರು ಐದು ಲಕ್ಷ ಗುಲಾಮರು ಅಲ್ಲಿನ ಕಬ್ಬು, ಕಾಫಿ ತೋಟಗಳಲ್ಲಿದ್ದರು. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಹಡಗುಗಳು ಹೊಸಬರನ್ನು ತಂದು ಸುರಿಯುತ್ತಲೇ ಇದ್ದವು. ಸತ್ತ ಮೇಲಾದರೂ ಆತ್ಮ ಕಡಲು ದಾಟಿ ಪೂರ್ವಜರ ಆಫ್ರಿಕಾ ಸೇರುತ್ತದೆ ಎಂಬುದೊಂದೇ ಅವರಿಗಿದ್ದ ನೆಮ್ಮದಿ. ಆ ನೆಮ್ಮದಿಯನ್ನೂ ಕಿತ್ತುಕೊಳ್ಳುವ ಸ್ಥಿತಿಯೇ ಜಾಂಬಿ: ಸತ್ತರೂ ಬಿಡುಗಡೆ ಇಲ್ಲ, ಹೂತ ಮೇಲೂ ದುಡಿಮೆ ತಪ್ಪದು. 1791ರಲ್ಲಿ ಗುಲಾಮರು ದಂಗೆ ಎದ್ದರು, 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಭಯ ಮಾತ್ರ ಉಳಿಯಿತು. ಬೋಕೋರ್ ಎಂಬ ಮಾಂತ್ರಿಕ ಮದ್ದು ಹಾಕಿ, ಸತ್ತಂತೆ ಮಾಡಿಸಿ, ಹೂತಲ್ಲಿಂದ ಎಬ್ಬಿಸಿ ದೂರದೂರಿಗೆ ಒಯ್ದು ದುಡಿಸಿಕೊಳ್ಳುತ್ತಾನೆ ಎಂಬ ನಂಬಿಕೆಯಿಂದ ಸಮಾಧಿಯನ್ನು ರಾತ್ರಿಯಿಡೀ ಕಾಯುವವರಿದ್ದರು. ಜಾಂಬಿಯ ಕೈಗೆ ಸಿಕ್ಕಿಬಿದ್ದೇವೆಂದು ಅವರು ಹೆದರಲಿಲ್ಲ, ತಾವೇ ಜಾಂಬಿಯಾದರೆ ಎಂದು ಹೆದರಿದರು.

ಕಾನೂನಿಗೂ ಇದು ಕಟ್ಟುಕಥೆಯಾಗಿರಲಿಲ್ಲ. ಸಾಯಿಸದೆ ದೀರ್ಘ ಮಂಪರಿಗೆ ತಳ್ಳುವ ಪದಾರ್ಥವನ್ನು ಯಾರಿಗಾದರೂ ಕೊಟ್ಟರೆ ಅದು ವಿಷಪ್ರಾಶನಕ್ಕೆ ಸಮ, ಆ ಸ್ಥಿತಿಯಲ್ಲಿ ಅವರನ್ನು ಹೂತಿದ್ದರೆ ಅದು ಕೊಲೆ ಎಂದು ಹೈಟಿಯ ದಂಡಸಂಹಿತೆಯ 246ನೇ ವಿಧಿ ಹೇಳಿತು. 1864ರಲ್ಲಿ ಸೇರಿದ ಈ ಮಾತಿನಲ್ಲಿ ಜಾಂಬಿ ಎಂಬ ಹೆಸರೇ ಇಲ್ಲ, ಆದರೂ ಎಲ್ಲರಿಗೂ ಅರ್ಥವಾಗಿತ್ತು.

1915ರಿಂದ 1934ರವರೆಗೆ ಹೈಟಿ ಅಮೆರಿಕದ ಸೈನ್ಯದ ಹಿಡಿತದಲ್ಲಿತ್ತು. ರಸ್ತೆ ಕೆಲಸಕ್ಕೆ ಜನರನ್ನು ಬಲವಂತದಿಂದ ಹಿಡಿದುಕೊಂಡು ಹೋಗುತ್ತಿದ್ದ ಕಾಲ ಅದು. ಆಗ ಅಲ್ಲಿಗೆ ಹೋದ ವಿಲಿಯಂ ಸೀಬ್ರೂಕ್ ಎಂಬ ಪತ್ರಕರ್ತ 1929ರಲ್ಲಿ ಪುಸ್ತಕ ಬರೆದು ಜಾಂಬಿಯನ್ನು ಅಮೆರಿಕದ ಓದುಗರಿಗೆ ಪರಿಚಯಿಸಿದ. ರೋಚಕತೆಯ ಚಟ ಅವನಿಗೆ ತುಸು ಹೆಚ್ಚೇ. ಆದರೆ ಅವನು ಕೇಳಿ ಬರೆದ ಒಂದು ಕಥೆಯನ್ನು ಬಿಡಲಾಗದು. ಒಬ್ಬ ಮೇಸ್ತ್ರಿ ಅಮೆರಿಕನ್ ಸಕ್ಕರೆ ಕಂಪನಿಯ ಕೂಲಿಗೆ ಜಾಂಬಿಗಳ ತಂಡವನ್ನು ಕರೆತಂದು ಸಂಬಳವನ್ನು ತಾನೇ ಜೇಬಿಗಿಳಿಸುತ್ತಿದ್ದ. ಅವರ ಊಟಕ್ಕೆ ಉಪ್ಪು ಬೀಳಬಾರದು ಎಂಬುದು ಕಟ್ಟಳೆ. ಹಬ್ಬದ ದಿನ ಅವನ ಹೆಂಡತಿ ಮರುಕಪಟ್ಟು ಅವರಿಗೆ ಮಿಠಾಯಿ ಕೊಡಿಸಿದಳು. ಅದರೊಳಗಿನ ಬೀಜಗಳಿಗೆ ಉಪ್ಪು ಹಚ್ಚಿದ್ದು ಅವಳಿಗೆ ತಿಳಿಯದು. ಬಾಯಿಗೆ ಬಿದ್ದದ್ದೇ ತಡ, ತಾವು ಸತ್ತವರೆಂಬ ಅರಿವು ಅವರಿಗೆ ಮೂಡಿತು. ಚೀರುತ್ತ ಎದ್ದು, ತಿರುಗಿಯೂ ನೋಡದೆ ಬೆಟ್ಟದ ಮೇಲಿನ ತಮ್ಮ ಊರಿನ ಸ್ಮಶಾನಕ್ಕೆ ನಡೆದುಬಿಟ್ಟರು. ಉಪ್ಪು ತಿಂದವನು ಒಡೆಯನಿಗೆ ಋಣಿ ಎಂದು ನಂಬಿ ಬೆಳೆದ ನಮಗೆ ಇದು ತಲೆಕೆಳಗಾದ ಲೋಕ. ಅಲ್ಲಿ ಉಪ್ಪು ಋಣವನ್ನು ಹರಿದುಹಾಕುತ್ತದೆ.

1932ರಲ್ಲಿ ಸಿನಿಮಾಕ್ಕೆ ಬಂದಾಗಲೂ ಜಾಂಬಿ ಕೂಲಿಯಾಳೇ ಆಗಿದ್ದ. ಬೆಲಾ ಲುಗೋಸಿ ನಟಿಸಿದ ‘ವೈಟ್ ಜಾಂಬಿ’ಯ ಸಕ್ಕರೆ ಗಿರಣಿಯಲ್ಲಿ ಒಬ್ಬ ಮುಗ್ಗರಿಸಿ ಕಬ್ಬು ಅರೆಯುವ ಯಂತ್ರದೊಳಗೆ ಬೀಳುತ್ತಾನೆ. ಉಳಿದವರು ಕತ್ತು ಹೊರಳಿಸುವುದಿಲ್ಲ, ಚಕ್ರ ನಿಲ್ಲುವುದಿಲ್ಲ. ಜಾಂಬಿ ಚಿತ್ರಗಳಲ್ಲಿ ನನಗೆ ನಿಜವಾಗಿ ಮೈ ನಡುಗಿಸಿದ್ದು ಈ ದೃಶ್ಯ.

ಕಚ್ಚುವ ಜಾಂಬಿ ಬಂದದ್ದು 1968ರಲ್ಲಿ, ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದೊಂದಿಗೆ. ತಮಾಷೆಯೆಂದರೆ, ಆ ಚಿತ್ರದ ಪಾತ್ರಗಳು ಜಾಂಬಿ ಎಂಬ ಮಾತನ್ನೇ ಆಡುವುದಿಲ್ಲ. ಚಿತ್ರದ ಹೆಸರು ಬದಲಿಸುವ ಗಡಿಬಿಡಿಯಲ್ಲಿ ಹಂಚಿಕೆದಾರರು ಹಕ್ಕುಸ್ವಾಮ್ಯದ ಸಾಲು ಹಾಕುವುದನ್ನು ಮರೆತರು. ಚಿತ್ರ ಯಾರು ಬೇಕಾದರೂ ತೋರಿಸಬಹುದಾದ ಸೊತ್ತಾಯಿತು. ಎದ್ದು ಬಂದ ಹೆಣಗಳಿಗೂ ಒಡೆಯನಿಲ್ಲ, ಚಿತ್ರಕ್ಕೂ ಇಲ್ಲ. ಹಾಗಾಗಿಯೇ ಇಷ್ಟು ಹಬ್ಬಿತು. ಮುಂದಿನದು ಗೊತ್ತೇ ಇದೆ: ಓಡುವ ಜಾಂಬಿ, ವೈರಸ್ ಜಾಂಬಿ, ಶಿಲೀಂಧ್ರದ ಜಾಂಬಿ. 2011ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ವಿಪತ್ತಿನ ಸಿದ್ಧತೆ ಕಲಿಸಲು ಜಾಂಬಿ ದಾಳಿಯ ನೆಪ ಹೂಡಿತು. ದುಡಿಸುವವನು ಕಥೆಯಿಂದ ಮಾಯವಾದ, ದುಡಿದವನೇ ರಾಕ್ಷಸನಾದ. ಈ ಅದಲುಬದಲು ನನಗೆ ಒಗ್ಗುವುದಿಲ್ಲ.

ಹೈಟಿಯಲ್ಲಿ ಮಾತ್ರ ಹಳೆಯ ಜಾಂಬಿ ಮರೆಯಾಗಲಿಲ್ಲ. 1962ರಲ್ಲಿ ಸತ್ತನೆಂದು ದಾಖಲಾಗಿದ್ದ ಕ್ಲೇರ್ವಿಯಸ್ ನಾರ್ಸಿಸ್ ತಾನೇ ಎಂದು ಹೇಳಿಕೊಂಡು 1980ರಲ್ಲಿ ಒಬ್ಬಾತ ನಾರ್ಸಿಸ್‌ನ ಸೋದರಿಯ ಮುಂದೆ ಬಂದು ನಿಂತ. ವೇಡ್ ಡೇವಿಸ್ ಎಂಬ ಸಂಶೋಧಕ ಇದಕ್ಕೆ ಪಫರ್ ಮೀನಿನ ವಿಷ ಕಾರಣವೆಂದು ವಾದಿಸಿದರು. ಬೋಕೋರ್‌ಗಳ ಮದ್ದಿನ ಪುಡಿಯಲ್ಲಿ ಆ ವಿಷ ಇದ್ದದ್ದು ತೀರ ಅತ್ಯಲ್ಪ ಎಂದು ಬೇರೆ ವಿಜ್ಞಾನಿಗಳು ತಳ್ಳಿಹಾಕಿದರು. 1997ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಜಾಂಬಿಗಳೆನಿಸಿಕೊಂಡ ಮೂವರ ತಪಾಸಣೆಯ ವರದಿ ಬಂತು. ಡಿಎನ್‌ಎ ಪರೀಕ್ಷೆಯಲ್ಲಿ ಇಬ್ಬರು ಆ ಮನೆಗಳ ಮಕ್ಕಳೇ ಅಲ್ಲವೆಂದು ತಿಳಿಯಿತು. ಮಕ್ಕಳನ್ನು ಕಳೆದುಕೊಂಡ ಸಂಕಟದಲ್ಲಿದ್ದವರು, ದಿಕ್ಕಿಲ್ಲದೆ ಅಲೆಯುತ್ತಿದ್ದ ಮನೋರೋಗಿಗಳಲ್ಲಿ ತಮ್ಮವರ ಮುಖ ಕಂಡಿರಬೇಕೆಂಬುದು ವೈದ್ಯರ ಊಹೆ. ಕಿಟಕಿಗೆ ಹಲಗೆ ಹೊಡೆದು ಒಳಗೆ ಅಡಗುವುದು ಸಿನಿಮಾದವರ ಪದ್ಧತಿ. ಇವರು ಆ ಪರದೇಶಿಗಳನ್ನು ನಮ್ಮ ಮಕ್ಕಳೆಂದೇ ಒಪ್ಪಿಕೊಂಡಿದ್ದರು.