ಹಲ್ಲು ಹಾಕಿಕೊಂಡಾ, ತೆಗೆದಾ?

ಬೀವರ್ಟನ್, ಒರೆಗಾನ್

ತೀರ್ಥರೂಪ ಅಪ್ಪನಿಗೆ ಮಗಳ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಇಲ್ಲಿ ಮಳೆಗಾಲ ಶುರುವಾಯಿತು. ಈ ಊರಿನವರು ಕೊಡೆ ಹಿಡಿಯುವುದೇ ಇಲ್ಲ, ನೆನೆದುಕೊಂಡೇ ಓಡಾಡುತ್ತಾರೆ. ನಾನು ಮಾತ್ರ ನೀವು ಕೊಟ್ಟು ಕಳಿಸಿದ ಕರಿ ಕೊಡೆ ಹಿಡಿದು ಹೋಗುತ್ತೇನೆ. ನೋಡುವವರು ನೋಡಲಿ.

ಅಮ್ಮ ಫೋನಿನಲ್ಲಿ ಎಲ್ಲಾ ಹೇಳಿದಳು. ಹೊಸ ಹಲ್ಲಿನ ಸೆಟ್ ಬಂದಿದೆಯಂತೆ. ನೀವು ಅದನ್ನು ಲೋಟದ ನೀರಲ್ಲಿ ಮುಳುಗಿಸಿಟ್ಟು, ಸಂಜೆ ವಾಕಿಂಗೂ ಬಿಟ್ಟು ಮನೆಯಲ್ಲೇ ಕೂತಿದ್ದೀರಂತೆ. ಹಾಕಿಕೊಂಡರೆ ಮಾತು ತೊದಲುತ್ತೆ, ತೆಗೆದರೆ ಬಾಯಿ ಬೊಚ್ಚಾಗಿ ಕಾಣುತ್ತೆ, ಅದಕ್ಕೆ ಕಟ್ಟೆಯವರ ಮುಂದೆ ಹೋಗೋಕೆ ನಾಚಿಕೆ, ಅಲ್ವಾ? ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೆ ಹಲ್ಲು ಹೋದ ಮೇಲೆಯೇ ಬದುಕು ಕುದುರಿಸಿಕೊಂಡ ಒಬ್ಬ ಹಾಲಿವುಡ್ ನಟನ ಕಥೆ ಸಿಕ್ಕಿದೆ. ಇದನ್ನು ಸಿನಿಮಾ ಹುಚ್ಚಿನ ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಹೆಸರು ವಾಲ್ಟರ್ ಬ್ರೆನನ್. ಬೇಸಿಗೆಯ ರಜೆಯಲ್ಲಿ ನಾವು ಒರೆಗಾನಿನ ಪೂರ್ವದ ತುದಿಯಲ್ಲಿರುವ ಜೋಸೆಫ್ ಅನ್ನೋ ಪುಟ್ಟ ಊರಿಗೆ ಹೋಗಿದ್ದೆವು. ಹತ್ತಿರದಲ್ಲೇ ವಲೋವಾ ಸರೋವರ, ಬೆನ್ನಿಗೆ ಹಿಮದ ಬೆಟ್ಟ. ಬೀದಿಯುದ್ದಕ್ಕೂ ಕಂಚಿನ ಪ್ರತಿಮೆಗಳು. ಮೂಲನಿವಾಸಿಗಳ ಮುಖಂಡ ಜೋಸೆಫನ ಹೆಸರನ್ನೇ ಊರಿಗೆ ಇಟ್ಟಿದ್ದಾರೆ. ಬ್ರೆನನ್ 1940ರ ಸುಮಾರಿಗೆ ಆ ಕಡೆ ಸಾವಿರಾರು ಎಕರೆ ಜಮೀನು ಕೊಂಡು ದನ ಸಾಕಿದ್ದನಂತೆ. ಊರೊಳಗೆ ಒಂದು ಮೋಟೆಲ್ಲೂ ಕಟ್ಟಿಸಿದ್ದ. ಆ ಮೋಟೆಲ್ಲಿನ ಕಥೆ ಕೇಳಿದ ಮೇಲೆ, ಮನೆಗೆ ಬಂದು ರಾತ್ರಿ ಹೊತ್ತು ಅವನ ಸಿನಿಮಾಗಳನ್ನು ಒಂದೊಂದಾಗಿ ನೋಡೋಕೆ ಶುರು ಮಾಡಿದೆ.

ಅವನು ಹುಟ್ಟಿದ್ದು 1894ರಲ್ಲಿ, ಮಸಾಚುಸೆಟ್ಸ್‌ನ ಲಿನ್ ಎಂಬ ಊರಲ್ಲಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಬಂದ. ಆಮೇಲೆ ಲಾಸ್ ಏಂಜಲೀಸಿನಲ್ಲಿ ಸೈಟು ವ್ಯಾಪಾರ ಮಾಡಿ ಕೈತುಂಬ ದುಡಿದ, ಬೆಲೆ ಬಿದ್ದಾಗ ಅಷ್ಟನ್ನೂ ಕಳೆದುಕೊಂಡ. ಹೊಟ್ಟೆಪಾಡಿಗೆ ಸ್ಟುಡಿಯೋ ಗೇಟಿನ ಮುಂದೆ ನಿಂತು ಎಕ್ಸ್‌ಟ್ರಾ ಆದ. ಗುಂಪಿನಲ್ಲಿ ಗೋವಿಂದ ಅನ್ನುವಂಥ ಕೆಲಸ. ಹೀಗೇ ವರ್ಷಗಟ್ಟಲೆ ನಡೆಯಿತು. ಅವನ ಜೊತೆ ಎಕ್ಸ್‌ಟ್ರಾ ಆಗಿ ಅಲೆಯುತ್ತಿದ್ದ ಗ್ಯಾರಿ ಕೂಪರ್ ಹೀರೋ ಆಗಿಬಿಟ್ಟ. ಇವನಿಗೆ ಆ ಮುಖವೂ ಇರಲಿಲ್ಲ, ಆ ಎತ್ತರವೂ ಇರಲಿಲ್ಲ.

1932ರಲ್ಲಿ ಶೂಟಿಂಗ್ ವೇಳೆ ಮುಖಕ್ಕೆ ಪೆಟ್ಟು ಬಿದ್ದು ಹಲ್ಲುಗಳು ಹೋದವು. ಇನ್ನೂ ನಲವತ್ತು ತುಂಬಿರಲಿಲ್ಲ. ಬೇರೆ ಯಾವ ನಟನಾದರೂ ಮುಗೀತು ನನ್ನ ಕಥೆ ಅಂದುಕೊಳ್ಳುತ್ತಿದ್ದ. ಇವನು ಕಟ್ಟಿಸಿದ ಹಲ್ಲನ್ನು ಕನ್ನಡಿಯ ಮುಂದೆ ಹಾಕಿ ನೋಡಿದ, ತೆಗೆದು ನೋಡಿದ ಅಂತ ನಾನು ಊಹಿಸಿಕೊಳ್ಳುತ್ತೇನೆ. ತೆಗೆದರೆ ಕೆನ್ನೆ ಒಳಕ್ಕೆ ಹೋಗಿ ಗಲ್ಲ ಮುಂದೆ ಬರುತ್ತೆ, ತುಟಿ ಮಡಚಿಕೊಳ್ಳುತ್ತೆ, ದನಿ ಕೀರಲಾಗುತ್ತೆ. ಒಂದೇ ನಿಮಿಷದಲ್ಲಿ ಮೂವತ್ತು ವರ್ಷ ಜಾಸ್ತಿ. ಮೇಕಪ್ಪಿನವರು ಗಂಟೆಗಟ್ಟಲೆ ಒದ್ದಾಡಿದರೂ ಬಾರದ ಮುಪ್ಪು ಇವನಿಗೆ ಪುಕ್ಕಟೆ ಬರುತ್ತಿತ್ತು.

1935ರಲ್ಲಿ ನಿರ್ದೇಶಕ ಹೊವಾರ್ಡ್ ಹಾಕ್ಸ್ ಒಂದು ಸಣ್ಣ ಪಾತ್ರಕ್ಕೆ ಇವನನ್ನು ಕರೆಸಿ, ಈ ಸಾಲು ಓದು ಅಂದರಂತೆ. ಬ್ರೆನನ್ ಕೇಳಿದ, "ಹಾಕಿಕೊಂಡಾ, ತೆಗೆದಾ?" "ಏನನ್ನು?" "ಹಲ್ಲು!" ಹಾಕ್ಸ್ ಈ ಕಥೆಯನ್ನು ಮುಂದೆ ಸಂದರ್ಶನಗಳಲ್ಲಿ ನಗುತ್ತಾ ಹೇಳಿಕೊಂಡಿದ್ದಾರೆ. ಎರಡು ಮೂರು ದಿನದ ಪಾತ್ರ ವಾರಗಟ್ಟಲೆ ಬೆಳೆಯಿತು. ಅಲ್ಲಿಂದ ಇವನ ನಸೀಬು ತಿರುಗಿತು.

ಮುಂದಿನ ವರ್ಷವೇ ಆಸ್ಕರ್. ಪೋಷಕ ಪಾತ್ರಗಳಿಗೆ ಆಸ್ಕರ್ ಕೊಡೋಕೆ ಶುರು ಮಾಡಿದ್ದೇ 1936ರ ಸಿನಿಮಾಗಳಿಂದ. ಮೊದಲನೆಯದೇ ಇವನಿಗೆ. ಆಮೇಲೆ 1938ರ ಚಿತ್ರಕ್ಕೆ ಇನ್ನೊಂದು, 1940ರ ಚಿತ್ರಕ್ಕೆ ಮತ್ತೊಂದು. ಐದು ವರ್ಷದಲ್ಲಿ ಮೂರು! ಆದರೆ ತಮಾಷೆ ನೋಡಿ. ಆಗ ಹೀರೋಗಳಿಗೆ ಚಿನ್ನದ ಬಣ್ಣದ ಪ್ರತಿಮೆ, ಪೋಷಕ ನಟರಿಗೆ ಬರೀ ಒಂದು ಫಲಕ. ಇದನ್ನು ಓದಿದಾಗ ನನಗೆ ಮೈ ಉರಿದುಹೋಯಿತು. ಆಗಿನ ಮತದಾನದಲ್ಲಿ ಎಕ್ಸ್‌ಟ್ರಾಗಳಿಗೂ ಓಟಿತ್ತು. ನಮ್ಮ ಜೊತೆ ಬಿಸಿಲಲ್ಲಿ ನಿಂತವನು ಅಂತ ಅವರೆಲ್ಲ ಇವನಿಗೇ ಒತ್ತಿದರು ಅಂತ ಹೊಟ್ಟೆಕಿಚ್ಚಿನವರು ಆಡಿಕೊಂಡರು. ಒತ್ತಿದ್ದರೆ ಸರಿಯಾಗೇ ಒತ್ತಿದ್ದಾರೆ ಅಂತೀನಿ ನಾನು.

ಯಾಕೆ ಅನ್ನೋದಕ್ಕೆ ಆ ಮೂರನೇ ಚಿತ್ರ ಸಾಕು. ಹೆಸರು ದಿ ವೆಸ್ಟರ್ನರ್. ಹೀರೋ ಅದೇ ಗ್ಯಾರಿ ಕೂಪರ್. ಬ್ರೆನನ್ ಅದರಲ್ಲಿ ಟೆಕ್ಸಾಸಿನ ಜಡ್ಜ್ ರಾಯ್ ಬೀನ್. ಸಾರಾಯಿ ಅಂಗಡಿಯೇ ಇವನ ಕೋರ್ಟು, ಇವನು ಹೇಳಿದ್ದೇ ಕಾನೂನು, ಮಾತೆತ್ತಿದರೆ ನೇಣು. ಇಂಥ ಕ್ರೂರಿಗೆ ಒಂದೇ ಒಂದು ಹುಚ್ಚು: ಲಿಲಿ ಲ್ಯಾಂಗ್ಟ್ರಿ ಎಂಬ ನಾಟಕದ ನಟಿ. ಅಂಗಡಿಯ ಗೋಡೆ ತುಂಬ ಅವಳ ಚಿತ್ರಗಳು. ನೇಣಿಗೇರಬೇಕಾದ ಕೂಪರ್ ಬಚಾವಾಗಲು, ನನ್ನ ಹತ್ತಿರ ಅವಳ ಕೂದಲಿನ ಒಂದು ಎಳೆಗೊಂಚಲಿದೆ ಅಂತ ಸುಳ್ಳು ಬಿಡುತ್ತಾನೆ. ಆಗ ಬ್ರೆನನ್ ಮುಖ ನೋಡಬೇಕು ಅಪ್ಪ! ಕೊಲೆಗಡುಕನ ಕಣ್ಣಿನಲ್ಲಿ ಜಾತ್ರೆಗೆ ಬಂದ ಹುಡುಗನ ಆಸೆ. ಕೊನೆಗೆ ಅವಳು ಫೋರ್ಟ್ ಡೇವಿಸ್ ಎಂಬ ಊರಿಗೆ ನಾಟಕಕ್ಕೆ ಬಂದಾಗ ಥಿಯೇಟರಿನ ಅಷ್ಟೂ ಟಿಕೆಟ್ ಒಬ್ಬನೇ ಕೊಳ್ಳುತ್ತಾನೆ. ಹಳೇ ಸೈನ್ಯದ ಯೂನಿಫಾರ್ಮ್ ಹಾಕಿ, ಖಾಲಿ ಕುರ್ಚಿಗಳ ಮಧ್ಯೆ ನೆಟ್ಟಗೆ ಕೂರುತ್ತಾನೆ. ಪರದೆ ಏಳುತ್ತೆ. ನಿಂತಿರುವುದು ಲಿಲಿ ಅಲ್ಲ, ಕೂಪರ್. ಸಿನಿಮಾ ಕೂಪರನದ್ದು, ಆದರೆ ಮನಸ್ಸಿನಲ್ಲಿ ಉಳಿಯುವವನು ಈ ಮುದುಕ.

ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಆದರೂ ಡೈಲಾಗಿನ ಟೈಮಿಂಗ್ ತಪ್ಪುತ್ತಿರಲಿಲ್ಲ ಅಂತ ನೀವು ಹೇಳುತ್ತಿದ್ದಿರಲ್ಲ, ನೋಡುವಾಗ ಅದೇ ನೆನಪಾಗುತ್ತಿತ್ತು.

ಇನ್ನೊಂದಿದೆ, ರೆಡ್ ರಿವರ್ ಅಂತ, 1948ರದ್ದು. ಅದರಲ್ಲಿ ಇವನು ದನ ಹೊಡೆದುಕೊಂಡು ಹೋಗುವವರ ಗುಂಪಿನ ಅಡುಗೆಯವನು. ಇಸ್ಪೀಟಾಟದಲ್ಲಿ ತನ್ನ ಹಲ್ಲಿನ ಸೆಟ್ಟನ್ನೇ ಪಣಕ್ಕಿಟ್ಟು ಸೋಲುತ್ತಾನೆ. ಗೆದ್ದವನು ಊಟದ ಹೊತ್ತಿಗೆ ಮಾತ್ರ ವಾಪಸ್ ಕೊಡುತ್ತಾನೆ, ಉಂಡಾದ ಮೇಲೆ ಕಿತ್ತುಕೊಳ್ಳುತ್ತಾನೆ. ನಕ್ಕೂ ನಕ್ಕೂ ಸಾಕಾಯಿತು. ಹಾಗಂತ ಬರೀ ನಗಿಸುವವನಲ್ಲ. ಜಾನ್ ಫೋರ್ಡ್ ಅವರ ಒಂದು ಚಿತ್ರದಲ್ಲಿ ಮಕ್ಕಳನ್ನೇ ಚಾಟಿಯಿಂದ ಹೊಡೆಯುವ ತಣ್ಣನೆಯ ವಿಲನ್ ಆಗಿದ್ದಾನೆ. ಅವನೇ ಇವನಾ ಅನ್ನಿಸುತ್ತೆ. ಫೋರ್ಡ್ ಜೊತೆ ಜಗಳವಾಗಿ ಮತ್ತೆ ಆ ಕಡೆ ಹೋಗಲಿಲ್ಲವಂತೆ.

ಅರವತ್ತು ದಾಟಿದ ಮೇಲೆ ಟಿವಿ. ದಿ ರಿಯಲ್ ಮೆಕಾಯ್ಸ್ ಎಂಬ ಧಾರಾವಾಹಿ 1957ರಿಂದ 1963ರವರೆಗೆ ನಡೆಯಿತು. ವೆಸ್ಟ್ ವರ್ಜೀನಿಯಾದ ಬೆಟ್ಟದಿಂದ ಕ್ಯಾಲಿಫೋರ್ನಿಯಾಗೆ ಬಂದ ಸಂಸಾರದ ಕುಂಟುವ, ಗೊಣಗುವ ಅಜ್ಜ ಇವನು. 1962ರಲ್ಲಿ ಹಾಡೂ ಅಲ್ಲ ಮಾತೂ ಅಲ್ಲ ಅನ್ನುವಂಥ ಒಂದು ರೆಕಾರ್ಡ್ ಮಾಡಿದ. ಅದೂ ಹಿಟ್ ಆಯಿತು!

ಒಂದು ವಿಷಯ ಮುಚ್ಚಿಟ್ಟರೆ ಸರಿಯಾಗಲ್ಲ. ಈ ಪ್ರೀತಿಯ ಅಜ್ಜ ತೆರೆಯ ಹೊರಗೆ ಕಟ್ಟಾ ಬಲಪಂಥೀಯ. ಕಪ್ಪು ಜನರ ಹಕ್ಕುಗಳ ಚಳವಳಿಯನ್ನು ವಿರೋಧಿಸಿದವನು. ನನ್ನಂಥ ಬಣ್ಣದವಳು ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದರೆ ಏನನ್ನುತ್ತಿದ್ದನೋ. ಇದು ಗೊತ್ತಾದ ರಾತ್ರಿ ನಾನು ಟಿವಿ ಹಾಕಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹಾಕಿದೆ. ನಟನೆ ಇಷ್ಟ, ಮನುಷ್ಯ ಕಷ್ಟ. ನೀವು ಇದ್ದಿದ್ದರೆ ಇಡೀ ರಾತ್ರಿ ವಾದ ಮಾಡುತ್ತಿದ್ದೆವು.

1974ರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ. ಆಗ ಎಂಬತ್ತು. ಅಷ್ಟು ಹೊತ್ತಿಗೆ ತೆರೆಯ ಮೇಲೆ ಮುದುಕನಾಗಿ ನಲವತ್ತು ವರ್ಷ ಕಳೆದಿದ್ದ.

ನೀವು ಮೊದಲು ರಿಯೋ ಬ್ರಾವೋ ನೋಡಿ, 1959ರದ್ದು. ಜಾನ್ ವೇಯ್ನ್ ಇದ್ದಾನೆ, ಬಂದೂಕು ಇದೆ, ಹಾಡೂ ಇದೆ, ನಿಮಗೆ ಹಿಡಿಸುತ್ತೆ. ಜೈಲಿನ ಬಾಗಿಲು ಕಾಯುವ ಕುಂಟ ಸ್ಟಂಪಿಯೇ ಬ್ರೆನನ್. ತಮ್ಮನಿಗೆ ಹೇಳಿದ್ದೇನೆ, ಭಾನುವಾರ ಬಂದು ಟಿವಿಗೆ ಹಾಕಿಕೊಡುತ್ತಾನೆ. ಸಬ್‌ಟೈಟಲ್ ಹಾಕಿಸಿಕೊಳ್ಳಿ, ಅವನ ಗೊಣಗಾಟ ಇಲ್ಲಿಯವರಿಗೇ ಅರ್ಥವಾಗಲ್ಲ. ಕಟ್ಟೆಯ ಗೆಳೆಯರನ್ನೂ ಕರೆಯಿರಿ, ಅಮ್ಮ ಕಾಫಿಗೆ ಗೊಣಗಿದರೆ ನನ್ನ ಹೆಸರು ಹೇಳಿ. ನೋಡಿದ ಮೇಲೆ ಯಾರ ನಟನೆ ಹೇಗಿತ್ತು ಅಂತ ಪೂರ್ತಿ ಬರೆಯಬೇಕು, ಚೆನ್ನಾಗಿತ್ತು ಅಂತ ಒಂದೇ ಸಾಲು ಗೀಚಿದರೆ ನಡೆಯಲ್ಲ.

ಇಂತಿ ನಿಮ್ಮ ಮಗಳು