ಒಲ್ಲೆ ಅನ್ನೋದು ಯಾರಿಗೆ ಸಾಧ್ಯ, ದೋಸ್ತ?

ಪ್ರೀತಿಯ ಬಸು,

ನಿನ್ನ ಮೆಸೇಜು ಓದಿದೆ. ಫೋನಿನಿಂದ ಚಾಟ್‌ಜಿಪಿಟಿಯಂಥ ಚಾಟ್‌ಬಾಟ್ ಕಿತ್ತು ಹಾಕಿದ್ದೇನೆ, ನೀನೂ ಕಿತ್ತು ಹಾಕು, ಇಲ್ಲಾಂದ್ರೆ ಇನ್ನು ಮಾತಾಡಿಸಬೇಡ ಅಂತ ಬರೆದಿದ್ದೀಯ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಇದು, ಅದಕ್ಕೇ ಪತ್ರ. ನನ್ನಂಥವರು ಇನ್ನೂ ಇರಬಹುದು ಅಂತ ನಾಲ್ಕು ಜನಕ್ಕೆ ಕಾಣುವ ಹಾಗೆ ಹಾಕುತ್ತಿದ್ದೇನೆ. ಸಿಟ್ಟಾಗಬೇಡ.

ನಿನ್ನ ಕಾರಣಗಳು ಸುಳ್ಳಲ್ಲ. ಬರೆದವರನ್ನು ಒಂದು ಮಾತೂ ಕೇಳದೆ ಅವರ ಬರಹ ತಿಂದು ಈ ಯಂತ್ರ ಮಾತು ಕಲಿಯಿತು ಅಂತೀಯ. ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿಗೆ ಹೋದದ್ದೂ ಇದೇ ತಕರಾರಿಗೆ. ಕರೆಂಟು, ನೀರು ಸಿಕ್ಕಾಪಟ್ಟೆ ಬೇಕು ಅಂತೀಯ. ಅದೂ ಖರೆ. ಆದರೆ ನೀರಿನ ಮಾತನ್ನು ಗದಗದವನಿಗೆ ಹೇಳುವಾಗ ಸ್ವಲ್ಪ ನೋಡಿಕೊಂಡು ಹೇಳು ಮಾರಾಯ. ನಳ ಯಾವತ್ತು ಬಿಡ್ತಾರೋ ಅಂತ ಕೊಡ ಸಾಲಿಟ್ಟು ಕಾಯುವ ಮನೆ ನಮ್ಮದು.

ನನ್ನ ಫೋನಿನಲ್ಲಿ ಅದು ಮೊದಲಿಂದಲೂ ಇಲ್ಲ. ಇರುವುದು ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರಿನಲ್ಲಿ, ಮಾಲಕರು ಹಾಕಿಸಿದ್ದು. 'ಮ್ಯಾಟರ್ ಅದರ ಕಡೆ ಬರೆಸು, ನೀನು ಲೇಔಟ್ ಅಷ್ಟೇ ನೋಡು' ಅಂದರು. ದಿನಕ್ಕೆ ಲಗ್ನದ್ದು, ಸಾವಿನದ್ದು ಅಂತ ಎಂಟು ಕಾರ್ಡು ಮಾಡುತ್ತಿದ್ದವನು ಹದಿನೈದು ಮಾಡಬೇಕಂತೆ. ಪಗಾರ ಮಾತ್ರ ಎಂಟು ಕಾರ್ಡಿನದೇ.

ಮೂರು ತಿಂಗಳ ಹಿಂದೆ ರೋಣದ ಕಡೆಯ ಒಬ್ಬರು ಬಂದರು. ತಂದೆ ತೀರಿಕೊಂಡಿದ್ದರು. ಸಿಮೆಂಟ್ ಅಂಗಡಿಯ ರಸೀದಿಯ ಹಿಂದೆ ಬಾಲ್‌ಪೆನ್ನಿನಲ್ಲಿ ಹೆಸರು, ಊರು, ದಿನ ಬರೆದು ತಂದಿದ್ದರು. ನಾನು ಅದನ್ನಷ್ಟು ಯಂತ್ರಕ್ಕೆ ಕೊಟ್ಟೆ. ಚೆಂದವಾಗಿ ಬರೆಯಿತು, ನನಗಿಂತ ಚೆಂದ. ಪ್ರೂಫ್ ತೋರಿಸಿದೆ. ಪಾಪ, ಅವರು ಅಳುವ ಕಣ್ಣಿನಲ್ಲಿ ತಮ್ಮಂದಿರ ಹೆಸರು ಸರಿ ಇವೆಯಾ ಅಂತ ಅಷ್ಟೇ ನೋಡಿದರು. ಮುನ್ನೂರು ಕಾರ್ಡು ಅಚ್ಚಾಗಿ ಹೋದವು. ಸಂಜೆ ಫೋನು. ಕಾರ್ಡಿನಲ್ಲಿ 'ವೈಕುಂಠ ಸಮಾರಾಧನೆ' ಅಂತ ಇದೆ!

ಲಿಂಗಾಯತರ ಮನೆ, ಬಸು. ಹಣೆ ತುಂಬ ವಿಭೂತಿ ಇದ್ದ ಅಜ್ಜನ ಫೋಟೋವನ್ನು ನಾನೇ ಕತ್ತರಿಸಿ ಕೂರಿಸಿದ್ದೆ. ಮೇಲೆ 'ಲಿಂಗೈಕ್ಯ', ಕೆಳಗೆ 'ಶಿವಗಣಾರಾಧನೆ' ಅಂತ ಇಪ್ಪತ್ತೆರಡು ವರ್ಷ ಹೊಡೆದ ಕೈ ಇದು, ನಿದ್ದೆಗಣ್ಣಿನಲ್ಲೂ ತಪ್ಪುತ್ತಿರಲಿಲ್ಲ. ಆದರೆ ಅವತ್ತು ಕೈ ಹೊಡೆದಿರಲಿಲ್ಲ, ಹಾಗಾಗಿ ಕಣ್ಣೂ ಓದಲಿಲ್ಲ. ರಾತ್ರಿ ಕೂತು ಮತ್ತೆ ಅಚ್ಚು ಮಾಡಿದೆವು. ಕಾಗದದ ದುಡ್ಡು ನನ್ನ ಪಗಾರದಲ್ಲಿ ಮುರಿದುಕೊಂಡರು. ಯಂತ್ರಕ್ಕೆ ಪಗಾರ ಇಲ್ವಲ್ಲ, ಎಲ್ಲಿಂದ ಮುರೀತಾರೆ?

ಮರುದಿನ ಮಾಲಕರಿಗೆ 'ನಾ ಒಲ್ಲೆರಿ' ಅಂದೆ. ಅವರು ಬೈಯಲಿಲ್ಲ. 'ಬಸ್‌ಸ್ಟ್ಯಾಂಡ್ ಕಡೆ ಹುಡುಗರು ಫೋನಿನಲ್ಲೇ ಕಾರ್ಡು ಮಾಡಿ ಕೊಡಾಕತ್ತಾರ, ನೋಡು' ಅಂದರು. ತಿಳೀತಲ್ಲ? ನಿನ್ನದು ಪಕ್ಕಾ ನೌಕರಿ, ಕಾಲೇಜಿನಲ್ಲಿ ಒಲ್ಲೆ ಅಂದರೂ ಒಂದನೇ ತಾರೀಖು ಪಗಾರ ಬೀಳುತ್ತದೆ.

ಇನ್ನೊಂದು ಮಾತು. ವಸ್ತು ಕೊಳ್ಳುವುದನ್ನು ನಿಲ್ಲಿಸಿದರೆ ಮಾರುವವನಿಗೆ ಬಿಸಿ ತಟ್ಟುತ್ತದೆ, ಸರಿ. ಆದರೆ ನೀನು ಅದಕ್ಕೆ ಯಾವತ್ತು ರೊಕ್ಕ ಕೊಟ್ಟಿದ್ದೆ? 2025ರ ಜುಲೈನಲ್ಲಿ ಏರ್‌ಟೆಲ್‌ನವರು ಪರ್‌ಪ್ಲೆಕ್ಸಿಟಿ ಅನ್ನೋ ಇಂಥದ್ದೇ ಯಂತ್ರವನ್ನು ಒಂದು ವರ್ಷ ಪುಕ್ಕಟೆ ಕೊಟ್ಟರು. ಅಕ್ಟೋಬರಿನಲ್ಲಿ ಜಿಯೋದವರು ಗೂಗಲ್‌ನ ಜೆಮಿನಿಯನ್ನು 18 ತಿಂಗಳು. ನವೆಂಬರಿನಲ್ಲಿ ಚಾಟ್‌ಜಿಪಿಟಿಯವರೂ ತಮ್ಮ 'ಗೋ' ಪ್ಲಾನನ್ನು ನಮ್ಮ ದೇಶದಲ್ಲಿ ಒಂದು ವರ್ಷ ಸುಮ್ನೆ ಹಂಚಿದರು. ರೊಕ್ಕ ಕೇಳದ ಅಂಗಡಿಯವನಿಗೆ ನಮ್ಮ ಕಡೆಯಿಂದ ಬೇಕಾದದ್ದು ಏನು? ಆ ಸಿಮೆಂಟ್ ರಸೀದಿಯ ಹಿಂದೆ ಬರೆದಿತ್ತಲ್ಲ, ಅಂಥದ್ದು. ನಾನು ತಟಕ್ಕನೆ ಒಳಗೆ ಹಾಕಿಬಿಟ್ಟಿದ್ದೆ, ಮನೆಯವರ ಹೆಸರು, ಫೋನ್ ನಂಬರು ಸಮೇತ.

ದೊಡ್ಡವರಿಗೆ ಇದು ನಮಗಿಂತ ಮೊದಲೇ ಗೊತ್ತಾಗಿದೆ. ಸ್ಯಾಮ್ಸಂಗ್‌ನ ಎಂಜಿನಿಯರುಗಳು ಕಂಪನಿಯ ಕೋಡನ್ನೇ ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ 2023ರ ಮೇನಲ್ಲಿ ಅಲ್ಲಿ ನಿಷೇಧ ಬಂತು. ನಮ್ಮ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬಳಸಬೇಡಿ ಅಂತ ತನ್ನ ನೌಕರರಿಗೆ ಸುತ್ತೋಲೆ ಕಳಿಸಿತು. ಇವೆಲ್ಲ ಮಾಲಕರು ಅಂದ ಒಲ್ಲೆ. ತಮ್ಮ ಗುಟ್ಟು ಹೊರಗೆ ಹೋಗಬಾರದು, ಅಷ್ಟೇ.

ಕೆಲಸ ಮಾಡುವವರು ಅಂದ ಒಲ್ಲೆ ನಾನು ಕಂಡದ್ದು ಹಾಲಿವುಡ್ಡಿನ ಬರಹಗಾರರದು. 2023ರಲ್ಲಿ 148 ದಿನ ಕೆಲಸ ನಿಲ್ಲಿಸಿದರು. ಕೊನೆಗೆ ಬರೆಸಿಕೊಂಡ ಕರಾರಿನಲ್ಲಿ ಯಂತ್ರವನ್ನು ಪೂರ್ತಿ ಹೊರಗೆ ಹಾಕಿ ಅಂತ ಇಲ್ಲ. ಬರಹಗಾರನಿಗೆ ಬೇಕಾದರೆ, ಕಂಪನಿ ಒಪ್ಪಿದರೆ, ಬಳಸಬಹುದು. ಬಳಸಲೇಬೇಕು ಅಂತ ಕಂಪನಿ ಒತ್ತಾಯ ಮಾಡುವ ಹಾಗಿಲ್ಲ. ನನಗೆ ಬೇಕಾದದ್ದೂ ಇಷ್ಟೇ ನೋಡು. ಆದರೆ ಅವರು ಸಾವಿರಗಟ್ಟಲೆ ಜನ. ನಮ್ಮ ಪ್ರೆಸ್ಸಿನಲ್ಲಿ ನಾವು ಮೂವರು, ಅದರಲ್ಲಿ ಒಬ್ಬ ಮಾಲಕರ ಅಳಿಯ.

ನೀನು ಮೆಸೇಜಿನಲ್ಲಿ ಸ್ವದೇಶಿ, ಖಾದಿ ಅಂತ ಬೇರೆ ಎಳೆದು ತಂದಿದ್ದೀಯ. ತಂದದ್ದಕ್ಕೆ ಹೇಳುತ್ತೇನೆ. ನಿನ್ನ ಮನೆಯಿಂದ ಹುಬ್ಬಳ್ಳಿಯ ಬೆಂಗೇರಿ ಎಷ್ಟು ದೂರ? 1957ರಿಂದ ಇರುವ ಖಾದಿ ಸಂಘ, ಅಳತೆ, ಬಣ್ಣ, ಹೊಲಿಗೆ ಎಲ್ಲ ಸರಕಾರದ ಲೆಕ್ಕಕ್ಕೆ ತಕ್ಕಂತೆ ದೇಶದ ಬಾವುಟ ಮಾಡುವ ಜಾಗ, ಬಹಳಷ್ಟು ಹೆಣ್ಣುಮಕ್ಕಳ ದುಡಿಮೆ. 2021ರ ಡಿಸೆಂಬರಿನಲ್ಲಿ ನಿಯಮ ಬದಲಾಯಿತು, ಮಷೀನಿನ ಪಾಲಿಯೆಸ್ಟರ್ ಬಾವುಟವೂ ನಡೆಯುತ್ತದೆ ಅಂತಾಯಿತು. ಮುಂದಿನ ಆಗಸ್ಟಿನಲ್ಲಿ ಪೋಸ್ಟಾಫೀಸಿನಲ್ಲಿ 25 ರೂಪಾಯಿಗೆ ಬಾವುಟ. ನೀನು ಎರಡು ತಂದೆ, ನನಗೊಂದು ಕೊಟ್ಟೆ. ನೆನಪಿದೆಯಾ? ಬೆಂಗೇರಿಯವರನ್ನು ಬಹಿಷ್ಕರಿಸಿ ಅಂತ ಯಾರೂ ಕೂಗಲಿಲ್ಲ. ಅಗ್ಗ ಅಂತ ತಂದೆವು, ಅಷ್ಟೇ. ನಮ್ಮ ಮಾಲಕರಿಗೂ ಈ ಯಂತ್ರ ಅಂಥ 25 ರೂಪಾಯಿ ಬಾವುಟ.

ಈಗ ನನ್ನ ಹಣೆಬರಹ ಹೀಗಿದೆ. ಸಾವಿನ ಕಾರ್ಡು ನಾನೇ ಕೈಯಾರೆ ಹೊಡೆಯುತ್ತೇನೆ. ಮಾಲಕರು ಒಪ್ಪಿದ್ದಾರೆ, ಕಾಗದ ಹಾಳಾಗೋದು ಅವರಿಗೂ ಬೇಡ. ಲಗ್ನಪತ್ರಿಕೆಗೆ ಯಂತ್ರ ಬಳಸುತ್ತೇನೆ, ಆದರೆ ಹೆಸರಿನ ಜಾಗದಲ್ಲಿ 'ಅಬಕ' ಅಂತ ಹಾಕಿ ಕೇಳುತ್ತೇನೆ, ಆಮೇಲೆ ಕನ್ನಡ ಟೈಪಿಂಗಿನ 'ನುಡಿ' ಸಾಫ್ಟ್‌ವೇರಿನಲ್ಲಿ ನಾನೇ ಹೆಸರು, ನಂಬರು ತುಂಬುತ್ತೇನೆ. ಇದು ಅವರಿಗೆ ಗೊತ್ತಿಲ್ಲ. ಈ ಪತ್ರ ಅವರು ಓದ್ತಾರೆ ಅನ್ನೋ ಹೆದರಿಕೆ ಇಲ್ಲ, ಅವರು ಓದುವುದು ಪೇಪರಿನ ರೇಟು ಮಾತ್ರ.

ರವಿವಾರ ಬಾ. ಮಿರ್ಚಿ ತಿನ್ನುತ್ತಾ ಜಗಳ ಮುಂದುವರಿಸೋಣ. ಬರುವಾಗ ಬೆಂಗೇರಿಗೆ ಹೋಗಿ ಮೂರು ಫೂಟಿನ ಬಾವುಟ ಒಂದು ತಾ, ಪ್ರೆಸ್ಸಿಗೆ. ರಸೀದಿ ಮರೀಬೇಡ, ಮಾಲಕರು ಕೇಳ್ತಾರೆ.

ನಿನ್ನ,
ಗದಗದ ದೋಸ್ತ